ಹೆಸರಿಲ್ಲದ ಮುನ್ನುಡಿ

ಗ್ರಂಥಗಳಿಗೆ ಮುನ್ನುಡಿ ಬರೆಯುವವರು ಬಹುಮಟ್ಟಿಗೆ ಗ್ರಂಥಕರ್ತನ ಮಿತ್ರರು. ಅವರನ್ನು ಕರೆಯುವುದೇ ನಾಲ್ಕು ಒಳ್ಳೆಯ ಮಾತು ಆಡಲೆಂದು. ಮಾತು ಅತಿಯಾದರೆ ವಾಚಕರು ನಗುತ್ತಾರೆ, ಮಿತವಾದರೆ ಗ್ರಂಥಕರ್ತನು ಮುನಿಯುತ್ತಾನೆ. ಇದಕ್ಕಿಂತ ಹೆಚ್ಚಿನ ಅನರ್ಥವು ಮುನ್ನುಡಿಗಳಿಂದ ಒದಗುವುದು ಅಪರೂಪ. ಆದರೆ, ಗ್ರಂಥವು ಯಾವ ಸಂಗತಿಯನ್ನು ಸತ್ಯವೆಂದು ಸ್ಥಾಪಿಸಹೊರಟಿದೆಯೋ ಆ ಸಂಗತಿ ಸತ್ಯವಾಗಿರಬೇಕಾದುದೇ ಇಲ್ಲವೆಂದು, ಅದೇ ಗ್ರಂಥದ ಮೊದಲನೆಯ ಹಾಳೆಯಲ್ಲಿ, ಗ್ರಂಥಕರ್ತನ ಅಪ್ಪಣೆಯಿಲ್ಲದೆ, ತನ್ನ ಹೆಸರನ್ನೂ ಹಾಕದೆ ಒಬ್ಬನು ಬರೆದುಬಿಟ್ಟ ನಿದರ್ಶನವೊಂದುಂಟು. ಆ ಗ್ರಂಥವು 1543ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಅಚ್ಚಾದ ಕೊಪರ್ನಿಕಸನ ಖಗೋಳಗ್ರಂಥ. ಮುನ್ನುಡಿಯು ಎರಡು ಪುಟಗಳನ್ನು ಮೀರದು. ವಿಜ್ಞಾನದಲ್ಲಿ ಸತ್ಯವೆಂದರೇನೆಂಬ ಪ್ರಶ್ನೆಯನ್ನು ಕುರಿತು ಇಷ್ಟು ಚಿಕ್ಕದಾಗಿಯೂ ಇಷ್ಟು ಜಾಣತನದಿಂದಲೂ ಇಷ್ಟು ತಪ್ಪಾಗಿಯೂ ಬರೆದ ಬರಹವನ್ನು ನಾವು ಬೇರೆ ಕಂಡಿಲ್ಲ. ಕಾವ್ಯವೊಂದನ್ನು ಪರಿಶೀಲಿಸುವಷ್ಟೇ ಎಚ್ಚರದಿಂದ ಅದನ್ನು ಪರಿಶೀಲಿಸಬೇಕೆಂಬುದು ಈ ಲೇಖನದ ಉದ್ದೇಶ.

ನಾಲ್ಕು ಶತಮಾನಗಳಿಗೂ ಹಿಂದಿನ ಆ ಹಾಳೆಯಿಂದ ನಮಗೇನು ಎಂದು ಕೇಳುವವರಿರಬಹುದು. ಕೆಲವು ತಿಂಗಳ ಹಿಂದೆ ಗೋಷ್ಠಿಯೊಂದರಲ್ಲಿ ಹಿರಿಯ ಮಿತ್ರರೊಬ್ಬರು ಹೀಗೆ ಹೇಳಿದರು: “ಹಳೆಯ ಸಿದ್ಧಾಂತದಂತೆ ಪಂಚಾಂಗ ಮಾಡುವವರು ಸೂರ್ಯನು ಭೂಮಿಯನ್ನು ಸುತ್ತುವನೆಂದು ಇಟ್ಟುಕೊಂಡೇ ಗ್ರಹಣವನ್ನು ಗಣಿಸುತ್ತಾರೆ. ಗಳಿಗೆ ಹೆಚ್ಚುಕಡಮೆಯಾದೀತು, ಗ್ರಹಣವಂತೂ ಹೇಳಿದ ದಿನ ಬರುತ್ತದೆ. ಹಾಗಿರಲು ಯಾವುದು ಯಾವುದನ್ನು ಸುತ್ತಿದರೇನು? ಅವರದೂ ಒಂದು ಲೆಕ್ಕ, ಇವರದೂ ಒಂದು ಲೆಕ್ಕ.” ಸಭೆಯಲ್ಲಿ ತಲೆದೂಗಿದವರು ಬಹಳ ಮಂದಿ. ಉತ್ತರ ಹೇಳಲೆದ್ದ ತರುಣ ಅಧ್ಯಾಪಕರು, ವಿಜ್ಞಾನವು ಇದನ್ನು ಎಂದೋ ಸಿದ್ಧಪಡಿಸಿದೆ, ಚರ್ಚೆಗೆ ಅವಕಾಶವೇ ಇಲ್ಲ, ಎಂದು ಹೇಳಿ ಕುಳಿತರು. ಹಿರಿಯರಲ್ಲಿ ವಾದವಿದ್ದಿತು; ತರುಣರಲ್ಲಿದ್ದದ್ದು ಧ್ವನಿ ಮಾತ್ರ. ಹಿರಿಯರ ಆ ವಾದವೇ ನ್ಯೂರೆಂಬರ್ಗಿನ ಮುನ್ನುಡಿಯ ವಾದ.

ಮೊದಲು ಅದರ ಚರಿತ್ರೆಯನ್ನು ಹೇಳುವೆವು. ಸೂರ್ಯನು ನಡುವೆ ನಿಂತಿರುವನೆಂದೂ, ಭೂಮಿಯು ತನ್ನ ಮೇಲೆ ತಾನು ತಿರುಗುತ್ತ ಅವನನ್ನು ಸುತ್ತುವುದೆಂದೂ ಕೊಪರ್ನಿಕಸನು ಬಹುಕಾಲ ಆಲೋಚಿಸಿ ಬರೆದಿಟ್ಟಿದ್ದನು. ಅಚ್ಚು ಹಾಕಿಸುವುದಕ್ಕೆ ಮನಸ್ಸು ಬಂದಿರಲಿಲ್ಲ. 1539ರಲ್ಲಿ ವಿಟೆನ್‌ಬರ್ಗಿನಿಂದ ರೆಟಿಕಸ್ ಎಂಬ ಇಪ್ಪತ್ತೈದು ವರ್ಷದ ಗಣಿತಾಧ್ಯಾಪಕನು ಬಂದು, ಶಿಷ್ಯನಾಗಿ ನಿಂತು, ಮುದುಕನ ಮನವೊಲಿಸಿ, ಗ್ರಂಥವನ್ನು ನ್ಯೂರೆಂಬರ್ಗಿನ ಪೆಟ್ರಿಯಸನ ಮುದ್ರಣಾಲಯಕ್ಕೆ ಒಪ್ಪಿಸಿದನು. ಅಚ್ಚಿನ ಕೆಲಸ ಮುಗಿಯುವ ಮೊದಲೇ ಅವನಿಗೆ ಲೈಪ್‌ಸಿಗ್‌ನಲ್ಲಿ ಉದ್ಯೋಗ ದೊರೆತು ಹೊರಟುಹೋಗಬೇಕಾಯಿತು. ಮೇಲ್ವಿಚಾರಣೆಯು ಆಂಡ್ರಿಯಾಸ್ ಓಸಿಯಾಂಡರ್ ಎಂಬ ಲೂಥರನ ಮತದ ಬೋಧಕನ ಕೈಗೆ ಬಂದಿತು. ಗ್ರಂಥದ ಕಲ್ಪನೆಗಳನ್ನು ಕುರಿತು ವಾಚಕರಿಗೆ ವಿಜ್ಞಾಪನೆಯೆಂಬ ಹಾಳೆಯನ್ನು ಬರೆದು ಸೇರಿಸಿದವನು ಇವನೇ. ಕೊಪರ್ನಿಕಸನು 1543ರ ಮೇ 24ರಂದು ತೀರಿಕೊಂಡನು. ಮುದ್ರಿತ ಗ್ರಂಥವು ಅವನ ಕಣ್ಣಿಗೆ ಬಿದ್ದುದು ಕೊನೆಯ ದಿನವೆಂದು ಅವನ ಆಪ್ತಮಿತ್ರನು ಬರೆದಿರುವನು; ಓದಿ ಪ್ರತಿಭಟಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಹೆಸರಿಲ್ಲದ ಕಾರಣ, ಮುನ್ನುಡಿಯೂ ಗ್ರಂಥಕರ್ತನದೇ ಎಂದು ಬಹುಮಂದಿ ಭಾವಿಸಿದರು. ಕೆಪ್ಲರನು ಬರೆದವನ ಹೆಸರನ್ನು 1609ರಲ್ಲಿ ಪ್ರಕಟಿಸುವವರೆಗೂ ಈ ಭ್ರಾಂತಿಯು ಸಾಗಿತು.

ಮುನ್ನುಡಿಯ ಸಾರವಿದು. ಜ್ಯೋತಿಷಿಯ ಕೆಲಸ ಆಕಾಶದ ಚಲನೆಗಳನ್ನು ಎಚ್ಚರದಿಂದ ನೋಡಿ ಬರೆದುಕೊಳ್ಳುವುದು. ಆ ಚಲನೆಗಳ ನಿಜವಾದ ಕಾರಣಗಳು ಮನುಷ್ಯನಿಗೆ ಎಟುಕಲಾರವು. ಆದುದರಿಂದ ಲೆಕ್ಕಕ್ಕೆ ಅನುಕೂಲಿಸುವ ಕಲ್ಪನೆಗಳನ್ನು ಅವನು ಹೆಣೆದುಕೊಳ್ಳಬೇಕು. ಆ ಕಲ್ಪನೆಗಳು ಸತ್ಯವಾಗಿರಬೇಕಾದುದಿಲ್ಲ, ಸಂಭಾವ್ಯವೂ ಆಗಿರಬೇಕಾದುದಿಲ್ಲ. ಲೆಕ್ಕವು ನೋಟಕ್ಕೆ ಒಪ್ಪಿದರೆ ಸಾಕು. ಬೇರೊಂದು ಪ್ರಯೋಜನಕ್ಕಾಗಿ ಕಲ್ಪಿಸಿದುದನ್ನು ಸತ್ಯವೆಂದು ನಂಬಿದವನು ಈ ಶಾಸ್ತ್ರವನ್ನು ಪ್ರವೇಶಿಸಿದಾಗ ಇದ್ದುದಕ್ಕಿಂತ ಹೆಚ್ಚಿನ ಮೂಢನಾಗಿ ಹೊರಬರುವನು. ಇಷ್ಟೆ.

ಓಸಿಯಾಂಡರನನ್ನು ವಂಚಕನೆಂದು ಬಯ್ದು ಮುಗಿಸುವುದು ಸುಲಭ; ನ್ಯಾಯವಲ್ಲ. ಅವನು ಗ್ರಂಥದ ಶತ್ರುವಾಗಿರಲಿಲ್ಲ. ಎರಡು ವರ್ಷ ಮೊದಲೇ, 1541ರ ಏಪ್ರಿಲಿನಲ್ಲಿ, ಇಂತಹ ಮಾತೊಂದನ್ನು ಸೇರಿಸಿದರೆ ಪಂಡಿತರೂ ಮತಶಾಸ್ತ್ರಜ್ಞರೂ ಶಾಂತರಾಗುವರೆಂದು ಕೊಪರ್ನಿಕಸನಿಗೇ ಪತ್ರ ಬರೆದು ಸಲಹೆ ಕೊಟ್ಟಿದ್ದನು. ಆ ಸಲಹೆಯನ್ನು ಗ್ರಂಥಕರ್ತನು ಸ್ವೀಕರಿಸಲಿಲ್ಲ, ಇವನು ಬಿಡಲಿಲ್ಲ. ಅವನ ಮತವೂ ಕ್ಷುಲ್ಲಕವಾದುದಲ್ಲ. ಕಾಣುವುದನ್ನು ಗಣಿತದಿಂದ ನಿರ್ವಹಿಸಿದರೆ ಸಾಕೆಂಬ ಸಂಪ್ರದಾಯ ಗ್ರೀಕರ ಕಾಲದಿಂದ ಬಂದುದು. ಫ್ರಾನ್ಸಿನ ಭೌತವಿಜ್ಞಾನಿ ಪಿಯೆರ್ ದುಹೆಮನು 1908ರಲ್ಲಿ ಆ ಸಂಪ್ರದಾಯದ ಚರಿತ್ರೆಯನ್ನು ಬರೆದು, ತರ್ಕವು ಓಸಿಯಾಂಡರನ ಪಕ್ಷದಲ್ಲಿದ್ದಿತೇ ಹೊರತು ಕೆಪ್ಲರ್ ಗೆಲಿಲಿಯೋಗಳ ಪಕ್ಷದಲ್ಲಿರಲಿಲ್ಲವೆಂದು ತೀರ್ಪು ಕೊಟ್ಟನು. ಅಂತಹ ಘನವಿದ್ವಾಂಸನ ತೀರ್ಪನ್ನು ಒಂದು ಮಾತಿನಿಂದ ತಳ್ಳಿಹಾಕಲಾಗದು.

ನಮ್ಮ ದೇಶದಲ್ಲಿಯೂ ಇದರ ನೆಂಟನೊಬ್ಬನುಂಟು. ಕ್ರಿ.ಶ. 499ರ ಸುಮಾರಿನಲ್ಲಿ ಆರ್ಯಭಟನು, ಒಂದು ಪ್ರಾಣಕಾಲದಲ್ಲಿ, ಎಂದರೆ ನಾಲ್ಕು ಸೆಕೆಂಡುಗಳಲ್ಲಿ, ಭೂಮಿಯು ಒಂದು ಕಲೆಯಷ್ಟು ತಿರುಗುವುದೆಂದು ಬರೆದನು. ಬ್ರಹ್ಮಗುಪ್ತನು 628ರಲ್ಲಿ ಇದನ್ನು ನೇರವಾಗಿ ಖಂಡಿಸಿದನು. ಅದು ವೀರರ ಮಾರ್ಗ. ಆದರೆ ಆರ್ಯಭಟನನ್ನು ಗೌರವಿಸುತ್ತಿದ್ದ ವ್ಯಾಖ್ಯಾನಕಾರರಲ್ಲಿ ಕೆಲವರು ಅದೇ ಸ್ಥಳದಲ್ಲಿ ‘ಭೂಃ’ ಎಂಬುದಕ್ಕೆ ಬದಲಾಗಿ ‘ಭಂ’ ಎಂದು ಓದಿದರು. ಭೂಮಿ ಹೋಯಿತು, ನಕ್ಷತ್ರಮಂಡಲ ಬಂದಿತು. ಛಂದಸ್ಸಿಗೂ ಲೆಕ್ಕಕ್ಕೂ ಎಳ್ಳಷ್ಟೂ ಕೊರತೆ ಬರಲಿಲ್ಲ. ತಿರುಗುವುದು ಇದಾದರೂ ಅದಾದರೂ ಉದಯಾಸ್ತಗಳ ಗಣಿತವೊಂದೇ ಅಲ್ಲವೆ? ಭಕ್ತರು ತಮ್ಮ ಆಚಾರ್ಯನನ್ನು ನಿಂದೆಯಿಂದ ಉಳಿಸಿದರು; ಅವನು ಹೇಳಿದುದನ್ನು ಮಾತ್ರ ಉಳಿಸಲಿಲ್ಲ. ಪಾಠಾಂತರಗಳನ್ನು ಹುಡುಕುವ ನಮ್ಮ ಪಂಡಿತರು ಈ ಒಂದಕ್ಷರದ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು.

ಇನ್ನು ಮುನ್ನುಡಿಯ ವಾದವನ್ನು ನೋಡೋಣ. ಕಲ್ಪನೆಗಳು ಸತ್ಯವಾಗಿರಲಾರವೆಂಬುದಕ್ಕೆ ಓಸಿಯಾಂಡರನು ಒಂದೇ ಒಂದು ನಿದರ್ಶನವನ್ನು ಕೊಡುತ್ತಾನೆ, ಅದು ಶುಕ್ರಗ್ರಹದ್ದು. ಶುಕ್ರನ ಚಲನೆಗೆ ಪೂರ್ವಿಕರು ಕಲ್ಪಿಸಿದ ಅಧಿವೃತ್ತವು ನಿಜವೆಂದುಕೊಂಡರೆ, ಗ್ರಹವು ನಮಗೆ ತೀರ ಸಮೀಪಕ್ಕೆ ಬಂದಾಗ ಅದರ ವ್ಯಾಸವು ತೀರ ದೂರದಲ್ಲಿದ್ದಾಗ ಕಾಣುವುದರ ನಾಲ್ಕರಷ್ಟಕ್ಕೂ, ಬಿಂಬವು ಹದಿನಾರರಷ್ಟಕ್ಕೂ ಮೀರಿ ಕಾಣಬೇಕು. ಇದು ಎಲ್ಲ ಕಾಲದ ಅನುಭವಕ್ಕೂ ವಿರುದ್ಧವೆನ್ನುತ್ತಾನೆ. ವಾಚಕನು ಇಲ್ಲಿ ನಕ್ಕು ಒಪ್ಪಿಕೊಳ್ಳಬೇಕೆಂಬುದು ಅವನ ನಿರೀಕ್ಷೆ. ಅರುವತ್ತೇಳು ವರ್ಷ ಕಳೆಯಿತು. 1610ರ ಕೊನೆಯಲ್ಲಿ ಗೆಲಿಲಿಯೋ ತನ್ನ ದೂರದರ್ಶಕವನ್ನು ಶುಕ್ರನ ಕಡೆಗೆ ತಿರುಗಿಸಿದನು. ಶುಕ್ರನು ದೂರದಲ್ಲಿದ್ದಾಗ ಚಿಕ್ಕ ಪೂರ್ಣಬಿಂಬವಾಗಿಯೂ, ಸಮೀಪಿಸಿದಂತೆಲ್ಲ ದೊಡ್ಡದಾಗುತ್ತ ಬಿದಿಗೆಯ ಚಂದ್ರನ ಆಕಾರವಾಗಿಯೂ ಕಂಡನು. ವ್ಯಾಸದ ವ್ಯತ್ಯಾಸವು ನಾಲ್ಕರಷ್ಟಲ್ಲ, ಆರರಷ್ಟಕ್ಕೂ ಮಿಗಿಲು. ಸಮೀಪದಲ್ಲಿ ಬಿಂಬವು ಹಿಗ್ಗಿದರೂ ಬೆಳಗಿದ ಭಾಗವು ಕುಗ್ಗುವುದರಿಂದ ಬರಿಗಣ್ಣಿಗೆ ಕಾಂತಿಯು ಹೆಚ್ಚು ಬದಲಾಗದೆ ತೋರುತ್ತಿದ್ದಿತು; ಎಲ್ಲ ಕಾಲದ ಅನುಭವವೆಂದು ಓಸಿಯಾಂಡರನು ಹೇಳಿದುದು ಇಷ್ಟೆ. ಅಸಂಬದ್ಧಕ್ಕೆ ಉದಾಹರಣೆಯೆಂದು ಅವನು ಆರಿಸಿಕೊಂಡ ಸಂಗತಿಯೇ ಆಕಾಶದಲ್ಲಿ ಇದ್ದ ಸಂಗತಿಯಾಗಿದ್ದಿತು.

ದೂರದರ್ಶಕವಿಲ್ಲದ ಕಾಲದವನನ್ನು ಇದಕ್ಕಾಗಿ ಹಳಿಯಬಾರದೆಂಬುದು ಸರಿಯೆ. ನಾವು ಹಳಿಯುತ್ತಿರುವುದು ಅವನ ನೋಟವನ್ನಲ್ಲ, ಅವನ ನೀತಿಯನ್ನು. ಕಲ್ಪನೆಯೆಂಬುದು ಬರಿಯ ಉಪಕರಣವಾದರೆ, ಅದು ನಮ್ಮ ಲೆಕ್ಕಕ್ಕೆ ಬೇಡವಾದ ಮಾತನ್ನು ಆಡಿದಾಗ ಕೇಳದಂತೆ ಇದ್ದುಬಿಡಬಹುದು. ಬಳ್ಳದಿಂದ ಅಕ್ಕಿಯನ್ನಳೆಯುವವನು ಆ ಬಳ್ಳ ಯಾವ ಮರದ್ದೆಂದು ವಿಚಾರಿಸುವುದಿಲ್ಲ. ಕಲ್ಪನೆಯು ಸತ್ಯವಾಗಿರಬಹುದೆಂದು ನಂಬಿದವನಿಗೆ ಈ ಸೌಕರ್ಯವಿಲ್ಲ. ಅದು ಆಡಿದ ಪ್ರತಿಯೊಂದು ಮಾತಿಗೂ ಅವನು ಜವಾಬು ಹೇಳಬೇಕು. ಶುಕ್ರನ ಬಿಂಬವು ಹಿಗ್ಗಬೇಕೆಂದು ಅದು ಹೇಳಿದರೆ, ಹಿಗ್ಗುವುದೋ ಇಲ್ಲವೋ ನೋಡಬೇಕು.

ಈ ಜವಾಬುದಾರಿಯು ಎಷ್ಟು ಕಠಿಣವಾದುದೆಂಬುದು ಕೆಪ್ಲರನ ವೃತ್ತಾಂತದಿಂದ ತಿಳಿಯುತ್ತದೆ. ಟೈಕೋ ಬ್ರಾಹೆಯ ವೇಧಗಳನ್ನಿಟ್ಟುಕೊಂಡು ಕುಜನ ಕಕ್ಷೆಯನ್ನು ನಿರ್ಣಯಿಸಹೊರಟ ಕೆಪ್ಲರನು ಎಪ್ಪತ್ತು ಸಲ ಪ್ರಯತ್ನಿಸಿ ಕಲ್ಪನೆಯೊಂದನ್ನು ಸಿದ್ಧಪಡಿಸಿದನು. ಅದರ ಮೂಲಕ ಕುಜನು ಕಾಣುವ ದಿಕ್ಕು ಎರಡು ಕಲೆಗಳ ಒಳಗೆ ಸರಿಹೋಯಿತು. ಒಂದು ಅಂಶದ ಮೂವತ್ತನೆಯ ಒಂದು ಭಾಗ. ಅದಕ್ಕಿಂತ ಸೂಕ್ಷ್ಮವಾಗಿ ಟೈಕೋನ ಯಂತ್ರಗಳೂ ಅಳೆಯಲಾರವು. ಪಂಚಾಂಗದವನಿಗೆ ಇನ್ನೇನು ಬೇಕು? ಓಸಿಯಾಂಡರನ ಶಿಷ್ಯನಾಗಿದ್ದರೆ ಕೆಪ್ಲರನು ಅಲ್ಲಿಯೇ ಲೇಖನಿಯನ್ನು ಕೆಳಗಿಟ್ಟು ಉಟಕ್ಕೆ ಏಳಬಹುದಾಗಿದ್ದಿತು. ಅವನು ಏಳಲಿಲ್ಲ. ದಿಕ್ಕನ್ನು ಸರಿಯಾಗಿ ಹೇಳುವ ಈ ಕಲ್ಪನೆಯು ದೂರವನ್ನೂ ಸರಿಯಾಗಿ ಹೇಳುವುದೋ ಎಂದು ವಿಚಾರಿಸಿದನು. ಕುಜನ ವಿಕ್ಷೇಪಗಳಿಂದ ದೂರವನ್ನು ಸಾಧಿಸಿ ನೋಡಿದಾಗ ಹೇಳಲಿಲ್ಲ. ದೂರಕ್ಕೆ ಹೊಂದುವಂತೆ ತಿದ್ದಿದರೆ ದಿಕ್ಕಿನಲ್ಲಿ ಎಂಟು ಕಲೆಗಳಷ್ಟು ತಪ್ಪು ತಲೆದೋರಿತು. ಆ ಎಂಟು ಕಲೆಗಳನ್ನು ಅವನು ಕ್ಷಮಿಸಲಿಲ್ಲ. ಎರಡು ಸಾವಿರ ವರ್ಷ ಪೂಜೆಗೊಂಡಿದ್ದ ವೃತ್ತವನ್ನು ಬಿಟ್ಟು ದೀರ್ಘವೃತ್ತಕ್ಕೆ ಬರುವ ದಾರಿಯು ಅಲ್ಲಿಂದ ತೆರೆಯಿತು. ಲೆಕ್ಕಕ್ಕೆ ಒಪ್ಪಿದ ಕಲ್ಪನೆಯನ್ನು ಸುಳ್ಳೆಂದು ಕಂಡು ಎಸೆದ ಈ ಒಂದು ಸಂಗತಿಗೆ ಮುನ್ನುಡಿಯಲ್ಲಿ ಎಡೆಯೇ ಇಲ್ಲ. ಒಪ್ಪಿದರೆ ಸಾಕು ಎನ್ನುವವನ ನಿಘಂಟಿನಲ್ಲಿ ‘ಒಪ್ಪಿದರೂ ಸುಳ್ಳು’ ಎಂಬ ಮಾತಿಗೆ ಅರ್ಥವಿಲ್ಲ.

ಇದಕ್ಕೊಂದು ಸಮಾಧಾನ ಹೇಳುವವರಿರುವರು. ದೂರವೂ ತೋರಿಕೆಯೇ, ದಿಕ್ಕೂ ತೋರಿಕೆಯೇ. ಎಲ್ಲ ತೋರಿಕೆಗಳಿಗೂ ಒಪ್ಪಬೇಕೆಂದರೆ ಸಾಲದೆ, ಅದರ ಮೇಲೆ ಸತ್ಯವೆಂಬ ಹೆಚ್ಚಿನ ಹೊರೆಯೇಕೆ ಎಂಬುದು ಅವರ ಪ್ರಶ್ನೆ. 1980ರಲ್ಲಿ ವಾನ್ ಫ್ರಾಸೆನ್ ಎಂಬ ತತ್ತ್ವಶಾಸ್ತ್ರಜ್ಞನು ಓಸಿಯಾಂಡರನ ಪಕ್ಷವನ್ನು ಹೊಸದಾಗಿ ಕಟ್ಟಿದುದು ಬಹುಮಟ್ಟಿಗೆ ಹೀಗೆಯೇ. ನಾವು ಕಂಡಂತೆ ಆ ಪಕ್ಷದ ಅತ್ಯಂತ ಬಲವಾದ ರೂಪವಿದು. ಆದರೆ, ದಿಕ್ಕಿಗೊಂದು ಕಲ್ಪನೆಯನ್ನೂ ದೂರಕ್ಕೊಂದನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಬಾರದೆಂಬ ನಿರ್ಬಂಧವು ಎಲ್ಲಿಂದ ಬಂದಿತೆಂದು ನಾವು ಅವರನ್ನು ಕೇಳುವೆವು. ಟಾಲಮಿಯ ಚಂದ್ರನನ್ನು ನೋಡಿರಿ. ಅವನ ಕಲ್ಪನೆಯು ಚಂದ್ರನ ಸ್ಥಾನವನ್ನು ಚೆನ್ನಾಗಿ ಹೇಳುತ್ತದೆ. ಅದನ್ನೇ ನಂಬಿದರೆ ಚಂದ್ರನು ಕೆಲವು ಅಷ್ಟಮಿಗಳಲ್ಲಿ ಹುಣ್ಣಿಮೆಗಿಂತ ಹೆಚ್ಚುಕಡಮೆ ಎರಡರಷ್ಟು ಅಗಲವಾಗಿ ಕಾಣಬೇಕು. ಹಾಗೆ ಕಾಣುವುದಿಲ್ಲವೆಂಬುದನ್ನು ಅಂಗಳದಲ್ಲಿ ಆಡುವ ಮಗುವೂ ಬಲ್ಲುದು. ಆದರೂ ಸಾವಿರ ವರ್ಷಕ್ಕೆ ಮೇಲ್ಪಟ್ಟು ಬಹುಮಂದಿ ಗಣಿತಜ್ಞರು ಅದನ್ನು ನೆಮ್ಮದಿಯಾಗಿ ಬಳಸಿದರು. ಸ್ಥಾನವನ್ನು ಅದರಿಂದ ಗಣಿಸುವರು, ಬಿಂಬದ ಮಾತು ಬಂದಾಗ ಸುಮ್ಮನಿರುವರು. ದಿಕ್ಕನ್ನು ಹೇಳಿದ ನಾಲಗೆಯೇ ದೂರವನ್ನೂ ಹೇಳಬೇಕೆಂದು ಹಟಹಿಡಿಯುವುದಕ್ಕೆ ಒಂದೇ ಕಾರಣವುಂಟು: ಅಲ್ಲಿ, ಆಕಾಶದಲ್ಲಿ, ಇರುವ ಚಂದ್ರನು ಒಬ್ಬನೇ ಎಂಬುದು. ಈ ಹಟವನ್ನೇ ನಾವು ಸತ್ಯಾಪೇಕ್ಷೆಯೆನ್ನುತ್ತೇವೆ. ಇದನ್ನು ಇಟ್ಟುಕೊಂಡು ಆ ಹೆಸರನ್ನು ಮಾತ್ರ ಬಿಡುವೆವೆನ್ನುವವರೊಡನೆ ನಮಗೆ ಹೆಚ್ಚಿನ ಜಗಳವಿಲ್ಲ.

ಹಾಗಾದರೆ ಓಸಿಯಾಂಡರನು ಎಡವಿದುದೆಲ್ಲಿ? ಅವನ ಮೊದಲನೆಯ ಮಾತು, ನಿಜವಾದ ಕಾರಣಗಳನ್ನು ಮನುಷ್ಯನು ನಿಶ್ಚಯವಾಗಿ ತಿಳಿಯಲಾರನೆಂಬುದು. ಎರಡನೆಯ ಮಾತು, ಆದುದರಿಂದ ಕಲ್ಪನೆಗಳು ಸತ್ಯವಾಗಿರಬೇಕಾದುದಿಲ್ಲವೆಂಬುದು. ಈ ಎರಡರ ನಡುವಣ ‘ಆದುದರಿಂದ’ ಎಂಬ ಶಬ್ದದಲ್ಲಿಯೇ ಮೋಸವಿರುವುದು. ಸತ್ಯವು ಬೇರೆ, ನಿಶ್ಚಯವು ಬೇರೆ. ನಮ್ಮ ನೈಯಾಯಿಕರು ಈ ಭೇದವನ್ನು ಚೆನ್ನಾಗಿ ಕಂಡಿದ್ದರು. ಜ್ಞಾನವು ಯಥಾರ್ಥವಾಗುವುದು ವಸ್ತುವು ಇದ್ದ ಹಾಗೆ ಅದನ್ನು ತಿಳಿದುದರಿಂದ. ಅದು ಯಥಾರ್ಥವೆಂದು ನಮಗೆ ಗೊತ್ತಾಗುವುದು ಅದರಂತೆ ನಡೆದ ಪ್ರವೃತ್ತಿಯು ಸಫಲವಾದುದರಿಂದ. ನೀರೆಂದು ತಿಳಿದು ಹೋದವನ ಬಾಯಾರಿಕೆ ತೀರಿದರೆ ತಿಳಿವು ಸರಿಯೆಂದು ಗೊತ್ತಾಗುತ್ತದೆ; ಆದರೆ ಬಾಯಾರಿಕೆ ತೀರಿದುದೇ ನೀರಲ್ಲ. ಸಾಫಲ್ಯವು ಸತ್ಯಕ್ಕೆ ಸಾಕ್ಷಿ, ಸತ್ಯದ ಸ್ವರೂಪವಲ್ಲ. ಓಸಿಯಾಂಡರನೂ ನಮ್ಮ ಗೋಷ್ಠಿಯ ಹಿರಿಯರೂ ಸಾಕ್ಷಿಯನ್ನೇ ಸ್ವರೂಪವೆಂದುಕೊಂಡರು. ತರುಣ ಅಧ್ಯಾಪಕರು ಇದೇ ತಪ್ಪನ್ನು ಇನ್ನೊಂದು ಕಡೆಯಿಂದ ಮಾಡಿದರು: ಸಾಕ್ಷಿಯು ಬಲವಾಗಿರುವುದರಿಂದ ವಿಚಾರಣೆಯೇ ಮುಗಿಯಿತೆಂದರು.

ಸಾಕ್ಷಿಯು ಎಷ್ಟರಮಟ್ಟಿಗೆ ಮೋಸಹೋಗಿಸಬಲ್ಲುದೆಂಬುದಕ್ಕೆ ಲೆವೆರಿಯೆಯ ಎರಡು ಗ್ರಹಗಳೇ ನಿದರ್ಶನ. ಯುರೇನಸ್ ಗ್ರಹವು ಲೆಕ್ಕ ತಪ್ಪಿ ನಡೆಯುತ್ತಿದ್ದುದನ್ನು ಕಂಡು, ಅದರಾಚೆ ಕಾಣದ ಗ್ರಹವೊಂದಿರಬೇಕೆಂದು ನ್ಯೂಟನನ ನಿಯಮದಿಂದ ಅವನು ಗಣಿಸಿದನು. 1846ರ ಸೆಪ್ಟೆಂಬರ್ 23ರಂದು ಬರ್ಲಿನ್ನಿನಲ್ಲಿ ಗಾಲೆಯು ನೋಡಿದಾಗ ಹೇಳಿದ ಸ್ಥಳದಿಂದ ಒಂದು ಅಂಶದೊಳಗೆ ನೆಪ್ಚೂನ್ ಸಿಕ್ಕಿತು. ಬುಧನೂ ಸ್ವಲ್ಪ ಲೆಕ್ಕ ತಪ್ಪುತ್ತಿದ್ದನು. ಅದೇ ಲೆವೆರಿಯೆ, ಅದೇ ನಿಯಮದಿಂದ, ಅದೇ ರೀತಿಯ ವಾದದಿಂದ, ಸೂರ್ಯನ ಸಮೀಪದಲ್ಲಿ ಇನ್ನೊಂದು ಗ್ರಹವೋ ಗ್ರಹಖಂಡಗಳೋ ಇರಬೇಕೆಂದು 1859ರಲ್ಲಿ ಸಾರಿದನು. ವಲ್ಕನ್ ಎಂದು ಅದಕ್ಕೆ ಹೆಸರೂ ಆಯಿತು, ಕಂಡೆವೆಂದವರೂ ಹುಟ್ಟಿದರು. ಗ್ರಹವು ಮಾತ್ರ ಇರಲಿಲ್ಲ. ಬುಧನ ಆ ಹೆಚ್ಚಿನ ಚಲನೆ, ಶತಮಾನಕ್ಕೆ ನಲವತ್ತಮೂರು ವಿಕಲೆ, ನ್ಯೂಟನನ ನಿಯಮದ್ದೇ ಕೊರತೆಯೆಂದು 1915ರಲ್ಲಿ ಐನ್‌ಸ್ಟೈನನು ತೋರಿಸಿದನು. ಕೊಪರ್ನಿಕಸನ ಗ್ರಂಥದಲ್ಲಿಯೂ ಅಧಿವೃತ್ತಗಳು ತುಂಬಿವೆ. ಅವನ ಸೂರ್ಯನು ವಿಶ್ವಮಧ್ಯದಲ್ಲಿ ಅಚಲನಾಗಿರುವನು. ಇವೆರಡೂ ಈಗ ನಿಲ್ಲವು. ಹೀಗೆ ಸಫಲವಾಗಿ ನಡೆದು ಆಮೇಲೆ ಬಿದ್ದುಹೋದ ಸಿದ್ಧಾಂತಗಳ ಪಟ್ಟಿಯನ್ನು ಲಾರಿ ಲೌಡನ್ 1981ರಲ್ಲಿ ಕೊಟ್ಟು, ಈಗಿನವು ಸತ್ಯವೆಂಬುದಕ್ಕೇನು ಆಧಾರವೆಂದು ಕೇಳಿದನು. ಪ್ರಶ್ನೆಯು ನ್ಯಾಯವಾದುದು. ಹಳೆಯದಕ್ಕಿಂತ ಹೊಸದು ಸತ್ಯಕ್ಕೆ ಹೆಚ್ಚು ಸಮೀಪವೆನ್ನೋಣವೆಂದರೆ, ಆ ಸಾಮೀಪ್ಯಕ್ಕೆ ಪಾಪ್ಪರ್ ಕೊಟ್ಟ ಲಕ್ಷಣವು ದೋಷಯುಕ್ತವೆಂದು 1974ರಲ್ಲಿಯೇ ಸಿದ್ಧವಾಯಿತು. ಸರ್ವಸಮ್ಮತವಾದ ಇನ್ನೊಂದು ಲಕ್ಷಣ ಹುಟ್ಟಿಲ್ಲ. ಆದರೆ ಈ ಪಟ್ಟಿಯಿಂದ ಕುಂದುವುದು ನಮ್ಮ ನಿಶ್ಚಯವೇ ಹೊರತು ಸತ್ಯವಲ್ಲ. ವಲ್ಕನ್ ಇಲ್ಲವೆಂಬುದು ಸತ್ಯವಾದುದರಿಂದಲೇ ಅಲ್ಲವೆ ಲೆವೆರಿಯೆಯು ಆ ಪಟ್ಟಿಗೆ ಬಂದುದು? ಭೂಮಿಯ ಚಲನೆಯ ಮಾತಾದರೋ, 1728ರ ಸುಮಾರಿಗೆ ಬ್ರಾಡ್ಲಿಯು ನಕ್ಷತ್ರಗಳ ವಾರ್ಷಿಕ ಓಲಾಟದಲ್ಲಿಯೂ, 1838ರಲ್ಲಿ ಬೆಸೆಲನು ಒಂದು ನಕ್ಷತ್ರದ ಲಂಬನದಲ್ಲಿಯೂ ಅದರ ಗುರುತನ್ನು ಕಂಡಮೇಲೆ, ಅವರದೂ ಒಂದು ಲೆಕ್ಕ ಇವರದೂ ಒಂದು ಲೆಕ್ಕ ಎನ್ನಲಾಗದು.

ಇದು ತಾರ್ಕಿಕರ ಚರ್ಚೆ ಮಾತ್ರವಾಗಿ ಉಳಿಯಲಿಲ್ಲ. 1615ರಲ್ಲಿ ಕಾರ್ಡಿನಲ್ ಬೆಲಾರ್ಮಿನ್, ಭೂಮಿಯ ಚಲನೆಯನ್ನು ಗಣಿತದ ಕಲ್ಪನೆಯಾಗಿ ಹೇಳುವುದರಲ್ಲಿ ಅಪಾಯವಿಲ್ಲವೆಂದೂ, ಸತ್ಯವೆಂದು ಹೇಳುವುದರಲ್ಲಿ ಅಪಾಯವುಂಟೆಂದೂ ಒಂದು ಪತ್ರದಲ್ಲಿ ಬರೆದನು. ಮರುವರ್ಷ ರೋಮಿನ ಅಧಿಕಾರಿಗಳು ಕೊಪರ್ನಿಕಸನ ಗ್ರಂಥವನ್ನು ತಿದ್ದುವವರೆಗೆ ಓದಕೂಡದೆಂದು ತಡೆದರು. 1620ರಲ್ಲಿ ತಿದ್ದುಪಡಿಗಳು ಹೊರಟವು. ಅವು ಸಾಹಿತ್ಯವಿಮರ್ಶಕನು ಓದತಕ್ಕವು. ಭೂಮಿಯ ಮೂರು ಬಗೆಯ ಚಲನೆಯ ನಿರೂಪಣೆಯೆಂದಿದ್ದ ಅಧ್ಯಾಯದ ತಲೆಬರಹಕ್ಕೆ ‘ಕಲ್ಪನೆ’ಯೆಂಬ ಒಂದು ಮಾತನ್ನು ಸೇರಿಸಬೇಕು, ಅಷ್ಟರಿಂದಲೇ ಅದು ನಿರ್ದೋಷವಾಗುವುದು. ಕೋಷ್ಟಕಗಳನ್ನೂ ಅಂಕೆಗಳನ್ನೂ ಯಾರೂ ಮುಟ್ಟಲಿಲ್ಲ. ಮಿತ್ರನಾದ ಓಸಿಯಾಂಡರನು ಗ್ರಂಥಕ್ಕೆ ರಕ್ಷೆಯೆಂದು ಕಟ್ಟಿದ ಮಾತನ್ನೇ ಅಧಿಕಾರಿಗಳು ಸಂಕೋಲೆಯಾಗಿ ಬಳಸಿದರು. ಲೆಕ್ಕವನ್ನು ಯಾವ ಪ್ರಭುತ್ವವೂ ಅಂಜುವುದಿಲ್ಲ. ‘ಹೀಗಿದೆ’ ಎಂಬ ಮಾತನ್ನು ಅಂಜುತ್ತದೆ.

ಗ್ರಂಥಕರ್ತನ ಪಕ್ಷದಲ್ಲಿ ಆ ಕಾಲದಲ್ಲಿಯೇ ಮಾತನಾಡಿದವರು ಇಬ್ಬರು. ಕುಲ್ಮ್ ನಗರದ ಬಿಷಪ್ಪನೂ ಕೊಪರ್ನಿಕಸನ ಆಪ್ತನೂ ಆದ ಟೀಡೆಮಾನ್ ಗೀಸೆಯು ಮುದ್ರಿತ ಪ್ರತಿಯನ್ನು ನೋಡಿ ಕೆರಳಿ, ನ್ಯೂರೆಂಬರ್ಗಿನ ನಗರಸಭೆಯ ಮೂಲಕ ಮೊದಲ ಹಾಳೆಗಳನ್ನು ಮತ್ತೆ ಅಚ್ಚು ಹಾಕಿಸಬೇಕೆಂದು 1543ರ ಜುಲೈ 26ರಂದು ರೆಟಿಕಸನಿಗೆ ಬರೆದನು. ಅದು ನಡೆಯಲಿಲ್ಲ. ರೆಟಿಕಸನು ತಾನು ಮಿತ್ರರಿಗೆ ಕೊಟ್ಟ ಪ್ರತಿಗಳಲ್ಲಿ ತನ್ನ ಕೈಲಾದುದನ್ನು ಮಾಡಿದನು. ಕೊಪರ್ನಿಕಸನ ಗ್ರಂಥದ ಮೊದಲೆರಡು ಮುದ್ರಣಗಳ ಸುಮಾರು 600 ಪ್ರತಿಗಳನ್ನು ದೇಶದೇಶಗಳಲ್ಲಿ ಹುಡುಕಿ 2002ರಲ್ಲಿ ಪಟ್ಟಿಮಾಡಿದ ಓವೆನ್ ಗಿಂಗರಿಚ್, ರೆಟಿಕಸನು ಕಾಣಿಕೆ ಕೊಟ್ಟ ಪ್ರತಿಗಳನ್ನೂ ನೋಡಿರುವನು. ಅವುಗಳಲ್ಲಿ ಹೆಸರಿಲ್ಲದ ಆ ಮುನ್ನುಡಿಯ ಮೇಲೆ, ಒಂದು ತುದಿಯಿಂದ ಇನ್ನೊಂದು ತುದಿಗೆ, ಕೆಂಪು ಕಡ್ಡಿಯಿಂದ ಗೀಟು ಹೊಡೆದಿದೆ.